ಪಕ್ಕದ ಸೀಟಿನಲ್ಲಿ ಕುಳಿತವರಿಗೆ

ಕಳೆದ ವಾರ ಸಾಹುಕಾರರು ಹತ್ತು ಚಕ್ರದ ಲಾರಿಯ ಕೀಲಿಯನ್ನು ನನ್ನ ಕೈಗೆ ಕೊಟ್ಟರು. ದಾವಣಗೆರೆಯಿಂದ ತಮಿಳುನಾಡಿನ ನಾಮಕ್ಕಲ್ಲಿಗೆ ಮೆಕ್ಕೆಜೋಳ ಸಾಗಿಸುವ ಆ ಗಾಡಿಗೆ ಇನ್ನು ನಾನೇ ಚಾಲಕ. ನೀವೆಲ್ಲ ಫೋನ್ ಮಾಡಿ ಹರಸಿದಿರಿ. ಒಬ್ಬೊಬ್ಬರಿಗೂ ಹೇಳಬೇಕೆಂದಿದ್ದ ಮಾತನ್ನು ಒಟ್ಟಿಗೆ ಇಲ್ಲಿ ಬರೆಯುತ್ತಿದ್ದೇನೆ.

ಜಗಳೂರು ಕಡೆಯ ನಮ್ಮ ಹೊಲ, ಕೈಕೊಟ್ಟ ಮಳೆ, ಸಾಲ, ಆಮೇಲಿನದು ನಿಮಗೆಲ್ಲ ಗೊತ್ತಿರುವುದೇ. ಅದನ್ನು ಮತ್ತೆ ಕೆದಕುವುದಿಲ್ಲ. ಲೈಸೆನ್ಸ್ ಬಂದ ಮೇಲಿನ ದಿನಗಳನ್ನು ಮಾತ್ರ ನಾನು ಯಾರಿಗೂ ಸರಿಯಾಗಿ ಹೇಳಿರಲಿಲ್ಲ. ಲಘು ವಾಹನದ ಲೈಸೆನ್ಸ್ ಸಿಕ್ಕು ಒಂದು ವರ್ಷ ತುಂಬದೆ ಭಾರೀ ವಾಹನದ ಎಲ್ಎಲ್, ಅಂದರೆ ಕಲಿಕಾ ಲೈಸೆನ್ಸ್, ಕೊಡುವುದಿಲ್ಲ. ಆ ವರ್ಷವನ್ನು ಟ್ರ್ಯಾಕ್ಟರ್ ಓಡಿಸಿ, ಸಣ್ಣ ಗೂಡ್ಸ್ ಗಾಡಿಯಲ್ಲಿ ತರಕಾರಿ ಸಾಗಿಸಿ ದಾಟಿಸಿದೆ. ವೈದ್ಯರ ಪ್ರಮಾಣಪತ್ರ, ಡ್ರೈವಿಂಗ್ ಶಾಲೆಯ ಪ್ರಮಾಣಪತ್ರ, ಆರ್‌ಟಿಒ ಪರೀಕ್ಷೆ ಎಲ್ಲವೂ ಮುಗಿದಾಗ, ಇನ್ನೇನು ಕೆಲಸ ಸಿಕ್ಕಿತು ಎಂದುಕೊಂಡಿದ್ದೆ.

ದಾವಣಗೆರೆ, ಹರಿಹರ, ಚಿತ್ರದುರ್ಗ, ಹಿರಿಯೂರು ಎಂದು ಹೆದ್ದಾರಿಯುದ್ದಕ್ಕೂ ಟ್ರಾನ್ಸ್‌ಪೋರ್ಟ್ ಕಚೇರಿಗಳ ಮೆಟ್ಟಿಲು ಹತ್ತಿದೆ. ಲೈಸೆನ್ಸನ್ನು ಯಾರೂ ತಿರುಗಿಸಿ ಸಹ ನೋಡಲಿಲ್ಲ. ಎಲ್ಲರದೂ ಒಂದೇ ಪ್ರಶ್ನೆ: “ಲೋಡಿನ ಮೇಲೆ ಘಾಟಿ ಇಳಿಸಿದ್ದೀಯಾ?” ಡ್ರೈವಿಂಗ್ ಶಾಲೆಯ ಲಾರಿ ಖಾಲಿ, ಅಲ್ಲಿನ ಮೈದಾನ ಸಮತಟ್ಟು. ಘಾಟಿಯನ್ನು ನಾನು ಎಲ್ಲಿಂದ ತರಲಿ? ಆದರೂ ಆ ಮಾಲೀಕರ ಮೇಲೆ ನನಗೆ ಸಿಟ್ಟಿಲ್ಲ. ಲಾರಿಯ ಮೇಲೆ ಬ್ಯಾಂಕಿನ ಕಂತು ಇರುತ್ತದೆ, ಒಳಗಿರುವುದು ಬೇರೆಯವರ ಸರಕು, ರಸ್ತೆಯಲ್ಲಿ ಎದುರು ಬರುವುದು ಬೇರೆಯವರ ಮಕ್ಕಳು. ಗುರುತಿಲ್ಲದ ಹುಡುಗನಿಗೆ ಸ್ಟೀರಿಂಗ್ ಕೊಡಲು ಯಾರಾದರೂ ಹಿಂಜರಿಯುತ್ತಾರೆ.

ಹಿಂಜರಿಯದವರು ಒಬ್ಬರಿದ್ದರು. ಹೆಸರು ಹಾಕಬೇಡ ಎಂದಿದ್ದಾರೆ, ಹಾಕುವುದಿಲ್ಲ. ನನಗೆ ಅವರು ಅಣ್ಣ. ಈಗಿನ ರಾಷ್ಟ್ರೀಯ ಹೆದ್ದಾರಿ 48 ಇನ್ನೂ ಎನ್‌ಎಚ್ 4 ಆಗಿ, ಎದುರುಬದುರು ಗಾಡಿಗಳು ಒಂದೇ ರಸ್ತೆಯಲ್ಲಿ ಓಡುತ್ತಿದ್ದ ಕಾಲದಿಂದ ಲಾರಿ ನಡೆಸಿದವರು. ದೀಪಾವಳಿ ಸಮೀಪಿಸಿತ್ತು, ಮೆಕ್ಕೆಜೋಳದ ಸುಗ್ಗಿ. ಎಪಿಎಂಸಿ ಅಂಗಳದಲ್ಲಿ ಲಾರಿಗಳಿದ್ದರೂ ಚಾಲಕರು ಸಾಲುತ್ತಿರಲಿಲ್ಲ. ಸಾಹುಕಾರರು ಆಗಲೂ ನನ್ನನ್ನು ಬೇಡವೆಂದರು. ಅಣ್ಣ ಅಲ್ಲೇ ಟೈರುಗಳನ್ನು ಕಬ್ಬಿಣದ ಸಲಾಕೆಯಿಂದ ಒಂದೊಂದಾಗಿ ತಟ್ಟಿ ಗಾಳಿ ನೋಡುತ್ತಿದ್ದರು. ಕೈಯಲ್ಲಿದ್ದ ಸಲಾಕೆಯನ್ನು ಕೆಳಗಿಡದೆಯೇ, “ಹುಡುಗ ನನ್ನ ಜೊತೆ ಎರಡನೇ ಚಾಲಕನಾಗಿ ಬರಲಿ. ಏನಾದರೂ ಆದರೆ ನನ್ನ ಭತ್ಯೆಯಲ್ಲಿ ಹಿಡಿದುಕೊಳ್ಳಿ” ಎಂದರು. ಅದಕ್ಕೆ ಮೊದಲು ಅವರು ನನ್ನೊಡನೆ ಮಾತನಾಡಿದ್ದು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು ಓದುತ್ತಿರುವ ಮನುಷ್ಯ ಆಡಿದ ಮಾತು ಅದು.

ಆ ಟ್ರಿಪ್‌ನಲ್ಲಿ ತುಮಕೂರು, ಬೆಂಗಳೂರು, ಹೊಸೂರು, ಕೃಷ್ಣಗಿರಿ ಎಲ್ಲ ಸಲೀಸಾಗಿ ಕಳೆಯಿತು. ಧರ್ಮಪುರಿ ದಾಟಿದ ಮೇಲೆ ತೊಪ್ಪೂರು ಘಾಟಿಯ ತಲೆಯಲ್ಲಿ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ಕೆಳಗೆ ಅಪಘಾತವಾಗಿತ್ತು. ಸೇಲಂ ಕಡೆಗೆ ಲೋಡು ಒಯ್ಯುವವರಿಗೆಲ್ಲ ಆ ಇಳಿಜಾರಿನ ಪರಿಚಯವಿದೆ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ಗೆ ಹಾಕಿ ಬಿಡುವವರು ಎಂಜಿನ್ನಿನ ಹಿಡಿತ ಕಳೆದುಕೊಳ್ಳುತ್ತಾರೆ. ಆಮೇಲೆ ಉಳಿಯುವುದು ಬ್ರೇಕ್ ಒಂದೇ. ಅದನ್ನು ಒತ್ತಿಯೇ ಇಳಿದರೆ ಡ್ರಮ್ ಕಾದು, ಪೆಡಲ್ ತುಳಿದರೂ ಗಾಡಿ ನಿಲ್ಲದ ಸ್ಥಿತಿ ಬರುತ್ತದೆ. ಆಂಬುಲೆನ್ಸ್ ನಮ್ಮನ್ನು ಸವರಿಕೊಂಡೇ ಹೋಯಿತು. ಕೆಳಗಿನಿಂದ ನಡೆದು ಬಂದ ಚಾಲಕನೊಬ್ಬ, ಓಡಿಸುತ್ತಿದ್ದವನು ಚಿಕ್ಕ ಹುಡುಗ ಎಂದು ಪಕ್ಕದ ಲಾರಿಯವರಿಗೆ ತಮಿಳಿನಲ್ಲಿ ಹೇಳಿದ. ನನಗೆ ಅರ್ಥವಾಯಿತು.

ಅಷ್ಟರಲ್ಲಿ ಅಮ್ಮನ ಫೋನ್ ಬಂತು. “ಊಟ ಆಯಿತೇನಪ್ಪ?” ಎಂದಳು. ನನ್ನ ಗಂಟಲು ಕಟ್ಟಿತು, ಮಾತು ಹೊರಡಲಿಲ್ಲ. ಅಣ್ಣ ಫೋನ್ ತೆಗೆದುಕೊಂಡು, “ಗಾಡಿ ನಿಂತಿದೆ ಅಕ್ಕ, ಹುಡುಗ ಮಲಗಿದ್ದಾನೆ. ನಾನಿದ್ದೇನೆ” ಎಂದರು. ನಾನು ಸ್ಟೀರಿಂಗ್ ಮೇಲೆ ತಲೆಯಿಟ್ಟು ಅತ್ತೆ. ಧರ್ಮಪುರಿಗೆ ಹಿಂತಿರುಗಿ ಬಸ್ ಹತ್ತುತ್ತೇನೆ, ಕೂಲಿಯನ್ನಾದರೂ ಮಾಡಿ ಬದುಕುತ್ತೇನೆ ಎಂದೆ. ಅವರು ಬುದ್ಧಿ ಹೇಳಲಿಲ್ಲ, ಧೈರ್ಯವನ್ನೂ ತುಂಬಲಿಲ್ಲ. ಬುತ್ತಿ ಬಿಚ್ಚಿ ಜೋಳದ ರೊಟ್ಟಿಗೆ ಶೇಂಗಾ ಚಟ್ನಿ ಸವರಿ ಕೈಗಿಟ್ಟರು. ತಡರಾತ್ರಿ ದಾರಿ ತೆರೆಯಿತು, ಹಿಂದಿನವರು ಹಾರ್ನ್ ಹೊಡೆಯತೊಡಗಿದರು. ಅಣ್ಣ ಸ್ಟೀರಿಂಗ್ ಹಿಡಿದು ಲಾರಿಯನ್ನು ಬದಿಯ ಖಾಲಿ ಜಾಗಕ್ಕೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನ್ ಆರಿಸಿದರು. “ಬೆಳಕಾಗಲಿ, ನೀನೇ ಇಳಿಸುವೆಯಂತೆ” ಎಂದರು.

ಒಂದು ಗಂಟೆಯೊಳಗೆ ಅವರೇ ಇಳಿಸಿಬಿಡಬಹುದಾಗಿತ್ತು. ಬೆಳಿಗ್ಗೆ ಮೊದಲ ಸರದಿಯಲ್ಲೇ ಕೋಳಿ ಆಹಾರದ ಮಿಲ್ಲಿನಲ್ಲಿ ಲೋಡು ಖಾಲಿಯಾಗಬೇಕಿತ್ತು, ಅದು ತಪ್ಪಿತು. ಸಾಹುಕಾರರ ಫೋನಿಗೆ, “ನಾನೇ ನಿಲ್ಲಿಸಿದ್ದೇನೆ” ಎಂದಷ್ಟೇ ಉತ್ತರಿಸಿ ಬೈಸಿಕೊಂಡರು. ರಾತ್ರಿಯಿಡೀ ಅವರು ಮಲಗಲಿಲ್ಲ, ನನ್ನನ್ನು ಮಲಗೆಂದು ಒತ್ತಾಯಿಸಲೂ ಇಲ್ಲ. ತಾವು ಮೊದಲ ಸಲ ಘಾಟಿ ಇಳಿಸಿದ್ದು, ಜೊತೆಯ ಚಾಲಕರನ್ನು ಕಳೆದುಕೊಂಡದ್ದು, ಎಲ್ಲವನ್ನೂ ತಗ್ಗಿದ ದನಿಯಲ್ಲಿ ಹೇಳುತ್ತಾ ಕುಳಿತರು. ಆ ರಾತ್ರಿ ಯಾರೋ ಒಬ್ಬರ ಮನೆಗೆ ಮಗ ಹಿಂತಿರುಗಲಿಲ್ಲ. ನನ್ನ ತಾಯಿಗೆ ನಾನು ಹಿಂತಿರುಗಿದೆ. ಇದನ್ನು ನೆನೆದಾಗ ಇಂದಿಗೂ ನನಗೆ ಮಾತು ಮುಂದುವರಿಯುವುದಿಲ್ಲ.

ಬೆಳಕು ಹರಿದ ಮೇಲೆ ನಾನು ಇಳಿಸಿದೆ. ಹತ್ತು ಚಕ್ರದ ಲಾರಿಗೆ ಕಾನೂನು ಒಪ್ಪುವ ಒಟ್ಟು ತೂಕ 28.5 ಟನ್. ಅಷ್ಟೂ ತೂಕ ಬೆನ್ನಿಗೆ ಒರಗಿ ತಳ್ಳುವುದು ಹೇಗಿರುತ್ತದೆ ಎಂಬುದು ಅಂದು ಗೊತ್ತಾಯಿತು. “ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ. ಎಕ್ಸಾಸ್ಟ್ ಬ್ರೇಕ್ ಹಾಕು. ಕಾಲು ಬ್ರೇಕ್ ಮೇಲೆ ನಿಲ್ಲಬಾರದು, ಒತ್ತು, ಬಿಡು. ಗಾಳಿಯ ಮುಳ್ಳು ನೋಡು.” ಪಕ್ಕದ ಸೀಟಿನಿಂದ ಬಂದ ಮಾತು ಇಷ್ಟೇ. ಎಂಜಿನ್ನಿನ ಹೊಗೆ ತಡೆದು ವೇಗ ತಗ್ಗಿಸುವುದು ಎಕ್ಸಾಸ್ಟ್ ಬ್ರೇಕ್, ಬ್ರೇಕಿನ ಗಾಳಿಯ ಒತ್ತಡ ತೋರಿಸುವುದು ಆ ಮುಳ್ಳು. ಕೆಳಗೆ ತಲುಪಿದಾಗ ಅವರು ಕಿಟಕಿಯಿಂದ ತಲೆ ಹೊರಹಾಕಿ ಬ್ರೇಕಿನ ವಾಸನೆ ನೋಡಿದರು. “ಲೈನಿಂಗ್ ಕಾದಿಲ್ಲ” ಎಂದರು. ಇದಕ್ಕಿಂತ ದೊಡ್ಡ ಪ್ರಶಸ್ತಿಪತ್ರ ನನಗೆ ಸಿಕ್ಕಿಲ್ಲ, ಬೇಕಾಗಿಯೂ ಇಲ್ಲ.

ಶುಲ್ಕಕ್ಕೆ ಹಣ ಕೊಟ್ಟ ಭಾವ, ಅರ್ಜಿ ತುಂಬಿಕೊಟ್ಟ ಗೆಳೆಯರು, ಹಿಮ್ಮುಖ ಚಾಲನೆಯನ್ನು ತಾಳ್ಮೆಯಿಂದ ಕಲಿಸಿದ ಡ್ರೈವಿಂಗ್ ಶಾಲೆಯ ಮೇಷ್ಟ್ರು, ತಾಡಪಾಲಿಗೆ ಹಗ್ಗ ಬಿಗಿಯುವ ಗಂಟು ತೋರಿಸಿದ ಎಪಿಎಂಸಿ ಹಮಾಲರು, ನಡುರಾತ್ರಿಯಲ್ಲೂ ಬಾಗಿಲು ತೆರೆದ ಪಂಕ್ಚರ್ ಅಂಗಡಿಯ ಚಾಚಾ, ನಿಮ್ಮೆಲ್ಲರಿಗೂ ಕೈಮುಗಿಯುತ್ತೇನೆ. ಸಾಹುಕಾರರೇ, ಅಂದು ಬೈದಿರಿ, ಆದರೆ ಅಣ್ಣನ ಭತ್ಯೆಯಲ್ಲಿ ಒಂದು ರೂಪಾಯಿಯನ್ನೂ ಹಿಡಿಯಲಿಲ್ಲ. ಅದು ನನಗೆ ಗೊತ್ತಿದೆ.

ಅತ್ತಿಗೆ, ಆ ದಿನ ನಿಮ್ಮ ಮನೆಯಲ್ಲಿ ಹಿರಿಯರ ಪೂಜೆ ಇತ್ತೆಂದೂ, ಮನೆಯ ಯಜಮಾನರಿಲ್ಲದೆ ನೀವು ಮಕ್ಕಳೊಂದಿಗೆ ಎಡೆ ಇಟ್ಟಿರೆಂದೂ ನನಗೆ ತಿಳಿದದ್ದು ಬಹಳ ತಡವಾಗಿ. ಅಣ್ಣ ಹೇಳಲೇ ಇಲ್ಲ. ಈ ದೀಪಾವಳಿಯ ಲೋಡು ನನ್ನದು ಎಂದು ಸಾಹುಕಾರರಲ್ಲಿ ಆಗಲೇ ಬರೆಸಿದ್ದೇನೆ. ಈ ಬಾರಿ ಅಣ್ಣ ಮನೆಯಲ್ಲಿರುತ್ತಾರೆ.