ಕಾಯಿಲೆಯ ಹೆಸರು ತಿಳಿಯಲು ಒಂದು ದೇಣಿಗೆ

ಊರಿನವರಿಗೆ, ಊರು ಬಿಟ್ಟು ಬೆಂಗಳೂರು, ಮುಂಬೈ ಸೇರಿದವರಿಗೆ ಅಮ್ಮನವರ ದೇವಸ್ಥಾನದ ಕಮಿಟಿಯ ನಮಸ್ಕಾರ.

ಈ ಸಲ ಬಂಡಿಹಬ್ಬಕ್ಕೆ ಪಟಾಕಿ, ಆರ್ಕೆಸ್ಟ್ರಾ ಎರಡೂ ಇಲ್ಲ. ಆ ದುಡ್ಡು ಬೇರೆ ತೆಗೆದಿಟ್ಟು, ಅಪರೂಪದ ಕಾಯಿಲೆಯಿಂದ ನರಳುವ ಮಕ್ಕಳಿಗಾಗಿ ಒಂದು ನಿಧಿ ಶುರು ಮಾಡಿದ್ದೇವೆ. ಅದೊಂದೇ ಸಾಲದು, ಅದಕ್ಕೇ ಈ ಮನವಿ.

ಅಂಕೋಲಾ ಕಡೆಯ ಮೀನುಗಾರರ ಮನೆಯ ಮಗುವೊಂದಕ್ಕೆ ಆರು ತಿಂಗಳಿದ್ದಾಗಲೇ ಫಿಟ್ಸ್ ಶುರುವಾಯಿತು. ಜ್ವರ ಬಂದರಂತೂ ಅರ್ಧ ಗಂಟೆಯಾದರೂ ನಿಲ್ಲುತ್ತಿರಲಿಲ್ಲ. ಕೊಟ್ಟ ಮಾತ್ರೆಯಿಂದ ಫಿಟ್ಸ್ ಇನ್ನೂ ಜಾಸ್ತಿಯಾಯಿತು. ನಾಲ್ಕು ವರ್ಷ ಊರೂರು ಅಲೆದರು. ಕೊನೆಗೆ ಬೆಂಗಳೂರಿನಲ್ಲಿ ಜೀನ್ ಟೆಸ್ಟ್ ಮಾಡಿಸಿದಾಗ ಗೊತ್ತಾಯಿತು, ಇದು ಡ್ರಾವೆ ಸಿಂಡ್ರೋಮ್. ಎಸ್‌ಸಿಎನ್1ಎ ಎಂಬ ಒಂದು ಜೀನ್‌ನಲ್ಲಿ ದೋಷ. ಕಾರ್ಬಮಜೆಪಿನ್‌ನಂಥ ಮಾತ್ರೆ ಎಷ್ಟೋ ಮಕ್ಕಳ ಫಿಟ್ಸ್ ತಡೆಯುತ್ತದೆ, ಆದರೆ ಇಂಥ ಮಕ್ಕಳಲ್ಲಿ ಅದನ್ನು ಕೆರಳಿಸುತ್ತದೆ. ಮಾತ್ರೆ ಬದಲಿಸಿದರು. ಫಿಟ್ಸ್ ಪೂರ್ತಿ ನಿಂತಿಲ್ಲ, ಕಡಿಮೆಯಾಗಿದೆ. ಮಗು ಈಗ ಅಂಗನವಾಡಿಗೆ ಹೋಗುತ್ತಿದೆ.

ಅಷ್ಟು ವರ್ಷ ಆ ತಾಯಿ ಕೇಳಿಸಿಕೊಂಡದ್ದು ಒಂದೇ ಮಾತು: 'ಬಸುರಿಯಲ್ಲಿ ಗ್ರಹಣ ನೋಡಿದ್ಯಾ?' ನಮ್ಮಲ್ಲೂ ಹರಕೆ ಹೊತ್ತಿದ್ದರು ಪಾಪ. ದೇವಸ್ಥಾನದವರಾಗಿ ನಾವೇ ಹೇಳುತ್ತೇವೆ, ಇದು ಶಾಪ ಅಲ್ಲ. ಡ್ರಾವೆ ಇರುವ ಹೆಚ್ಚಿನ ಮಕ್ಕಳಲ್ಲಿ ಆ ಬದಲಾವಣೆ ಹೊಸದಾಗಿ ಆಗಿರುತ್ತದೆ, ಅಪ್ಪ ಅಮ್ಮನಿಂದ ಬಂದಿರುವುದಿಲ್ಲ.

ಅಪರೂಪದ ಕಾಯಿಲೆ ಅಂದಕೂಡಲೇ ಎಲ್ಲರಿಗೂ ನೆನಪಾಗುವುದು ಎಸ್‌ಎಂಎ ಎಂಬ, ಸ್ನಾಯುಗಳ ಬಲ ಕುಂದಿಸುವ ಕಾಯಿಲೆಯ ಮಕ್ಕಳಿಗೆ ಕೊಡುವ 16 ಕೋಟಿಯ ಇಂಜೆಕ್ಷನ್. 2025ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಒಂದೇ ಒಂದು ಕೂಸಿಗಾಗಿ, ಅದರ ಜೀನ್‌ನ ತಪ್ಪು ತಿದ್ದುವ ಔಷಧವನ್ನೇ ತಯಾರಿಸಿ ಕೊಟ್ಟರು. ಅದು ನಮ್ಮ ಕೈಗೆ ಎಟಕುವುದಲ್ಲ ಬಿಡಿ. ಆದರೆ ಬಯೋಟಿನಿಡೇಸ್ ಕೊರತೆ ಎಂಬ ಕಾಯಿಲೆಗೆ ಬೇಕಾದದ್ದು ದಿನಾ ಬಯೋಟಿನ್ ವಿಟಮಿನ್, ಅಷ್ಟೇ. ಕಾಯಿಲೆ ಗೊತ್ತಾಗುವುದು ತಡವಾಗಿ, ಅಷ್ಟರಲ್ಲಿ ಕಿವುಡು ಬಂದುಬಿಟ್ಟರೆ ಮಾತ್ರ ಅದು ಸಾಮಾನ್ಯವಾಗಿ ಸರಿಹೋಗುವುದಿಲ್ಲ. ಅಪರೂಪದ ಕಾಯಿಲೆಗಳಿಗಾಗಿ ಕೇಂದ್ರ ಸರ್ಕಾರ ತಂದ 2021ರ ನೀತಿಯಲ್ಲಿ, ಪಟ್ಟಿಯಲ್ಲಿರುವ ಕಾಯಿಲೆಗಳಿಗೆ 50 ಲಕ್ಷ ರೂಪಾಯಿವರೆಗೆ ನೆರವಿದೆ. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಅದರ ಒಂದು ಕೇಂದ್ರ. ಆದರೆ ಕಾಯಿಲೆ ಯಾವುದೆಂದೇ ಗೊತ್ತಿಲ್ಲದಿದ್ದರೆ ಅರ್ಜಿಯಲ್ಲಿ ಏನಂತ ಬರೆಯುವುದು?

ಹಾಗಾಗಿ ನಿಧಿಯ ದುಡ್ಡು ವೈದ್ಯರು ಬರೆದುಕೊಟ್ಟ ಜೀನ್ ಟೆಸ್ಟ್‌ಗೆ, ಹೋಗಿಬರುವ ರೈಲಿಗೆ, ಊಟ ವಸತಿಗೆ. ಬೋಟಿಗೆ ಹೋಗದೆ ತಪ್ಪಿದ ದಿನಗಳ ಕೂಲಿಯನ್ನೂ ಸ್ವಲ್ಪ ತುಂಬಿಕೊಡುವ ಯೋಚನೆಯಿದೆ. ಟೆಸ್ಟ್‌ನ ದುಡ್ಡು ನೇರ ಲ್ಯಾಬ್‌ಗೆ ಹೋಗುತ್ತದೆ. ಟೆಸ್ಟ್ ಮಾಡಿಸಿದ ಎಲ್ಲರಿಗೂ ಉತ್ತರ ಸಿಗುವುದಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇವೆ.

ಮಗುವಿನ ಫೋಟೋ ಹಾಕಿದರೆ ಜಾಸ್ತಿ ದುಡ್ಡು ಬರುತ್ತಿತ್ತು ಎಂದು ಕೆಲವರು ಹೇಳಿದರು. ಬೇಡ ಅನ್ನಿಸಿತು. ನಾಳೆ ಅದು ಇದೇ ಊರಿನ ಶಾಲೆಗೆ ಹೋಗಬೇಕಲ್ವಾ.

100 ರೂಪಾಯಿ ಕೊಟ್ಟರೂ ರಸೀದಿ ಕೊಡುತ್ತೇವೆ. 80ಜಿ ತೆರಿಗೆ ವಿನಾಯಿತಿ ನಮಗಿನ್ನೂ ಸಿಕ್ಕಿಲ್ಲ. ಬೆಳಗಿನ ಪೂಜೆ ಮುಗಿದ ಮೇಲೆ ಆಫೀಸಿನಲ್ಲಿ ಯಾರಾದರೂ ಇರುತ್ತಾರೆ, ನಿಧಿಯ ಲೆಕ್ಕದ ಪುಸ್ತಕ ಮೇಜಿನ ಮೇಲೇ ಇರುತ್ತದೆ.