ಬೋರ್ಡಿನಲ್ಲಿ ಆರು ಕಲೆ, ನೆಲಕ್ಕೆ ಒಂದೇ ಮ್ಯಾಟ್

ಸಂಪಾದಕರಿಗೆ,

ಮಾನ್ಯರೇ,

ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಬಡಾವಣೆಗಳ ಜಿಮ್‌ಗಳ ಮುಂದೆ ಈಗ ‘ಬಾಕ್ಸಿಂಗ್, ಕಿಕ್‌ಬಾಕ್ಸಿಂಗ್, ಮುವಾಯ್ ಥಾಯ್, ಜೂಡೊ, ಜಿಯು-ಜಿಟ್ಸು, ಎಂಎಂಎ’ ಎಂದು ಒಂದೇ ಬೋರ್ಡಿನಲ್ಲಿ ಬರೆಸಿರುತ್ತಾರೆ. ಬೇಸಿಗೆ ರಜೆ ಬಂತೆಂದರೆ ಮಕ್ಕಳ ಬ್ಯಾಚ್ ಶುರು. ಮಕ್ಕಳು ಮೈ ಬಗ್ಗಿಸಿ ಕಲಿಯುವುದು ಸಂತೋಷದ ವಿಷಯವೇ. ಆದರೆ ಈ ಕಲೆಗಳಿಗೆ ಬೇಕಾದ ನೆಲ ಬೇರೆ, ಗ್ಲೌಸ್ ಬೇರೆ, ಅವುಗಳಲ್ಲಿ ಆಗುವ ಪೆಟ್ಟೂ ಬೇರೆ. ಆರನ್ನೂ ಒಬ್ಬರೇ ಕಲಿಸುತ್ತಾರೆಂದರೆ, ಒಂದನ್ನು ಸರಿಯಾಗಿ ಕಲಿತು ಉಳಿದವನ್ನು ಅಂದಾಜಿನ ಮೇಲೆ ಹೇಳಿಕೊಡುತ್ತಿದ್ದಾರೆ ಎಂದೇ ಸಾಮಾನ್ಯವಾಗಿ ತಿಳಿಯಬೇಕು. ಫೀಸು ಕಟ್ಟುವ ಮೊದಲು ಪೋಷಕರು ನೋಡಲೇಬೇಕಾದ ಕೆಲವು ಸಂಗತಿಗಳಿವೆ.

ಮೊದಲು ನೆಲ. ಎಷ್ಟೋ ಕಡೆ ಟೈಲ್ಸ್ ಮೇಲೆ ಒಂದಕ್ಕೊಂದು ಸಿಕ್ಕಿಸುವ, 20ರಿಂದ 25 ಮಿ.ಮೀ. ದಪ್ಪದ ಫೋಮ್ ಮ್ಯಾಟ್ ಹಾಸಿರುತ್ತಾರೆ. ಕರಾಟೆ, ಟೇಕ್ವಾಂಡೊ ಅಭ್ಯಾಸಕ್ಕೆ ಅದು ಸಾಕು. ಎತ್ತಿ ಕೆಡಹುವ ಜೂಡೊಗೆ ಸಾಲದು. ಅದಕ್ಕೆ ಗಟ್ಟಿ ಫೋಮಿನ, 40 ಮಿ.ಮೀ. ದಪ್ಪದ ಟಟಾಮಿ ಹಾಸು ಬೇಕು. ಮೆತ್ತಗಿದ್ದಷ್ಟೂ ಒಳ್ಳೆಯದು ಎಂಬ ಲೆಕ್ಕವೂ ತಪ್ಪು. ತೀರಾ ಮೆತ್ತನೆಯ ಹಾಸಿನಲ್ಲಿ ಪಾದ ಹೂತು ನಿಲ್ಲುತ್ತದೆ, ಮೈ ಮಾತ್ರ ತಿರುಗುತ್ತದೆ, ನಡುವೆ ಸಿಕ್ಕಿದ ಮಂಡಿ ಉಳುಕುತ್ತದೆ. ಮ್ಯಾಟುಗಳ ನಡುವೆ ಸಂದು ಬಿಟ್ಟಿದ್ದರೆ ಕಾಲ್ಬೆರಳು ಅಲ್ಲೇ ಸಿಕ್ಕಿ ಮುರಿಯುತ್ತದೆ. ನಮ್ಮ ಗರಡಿಗಳಲ್ಲಿ ಪೈಲ್ವಾನರು ಅಖಾಡದ ಮಣ್ಣನ್ನು ಅಗೆದು, ಸಡಿಲಿಸಿ, ಹದ ಮಾಡಿದ ಮೇಲೆಯೇ ಜೋಡಿ ಹಿಡಿಯುತ್ತಾರೆ. ಹೊಸ ಜಿಮ್‌ಗಳಿಗೂ ಆ ಶಿಸ್ತು ಬರಬೇಕು.

ಜೂಡೊದಲ್ಲಿ ಮೊದಲು ಕಲಿಸಬೇಕಾದದ್ದು ಬೀಳುವುದನ್ನು. ಗದ್ದವನ್ನು ಎದೆಗೆ ಒತ್ತಿ, ಕಣ್ಣನ್ನು ಸೊಂಟದ ಬೆಲ್ಟಿನ ಗಂಟಿನ ಮೇಲೆ ನೆಟ್ಟು, ಬೆನ್ನು ನೆಲ ಮುಟ್ಟುವ ಹೊತ್ತಿಗೆ ಎರಡೂ ಕೈಗಳನ್ನು ಪಕ್ಕೆಯಿಂದ ಸ್ವಲ್ಪ ಓರೆಯಾಗಿ ಚಾಚಿ ಮ್ಯಾಟಿಗೆ ಬಡಿಯಬೇಕು. ಮೊದಲು ಕೂತಲ್ಲಿಂದ, ಆಮೇಲೆ ಕುಕ್ಕರಗಾಲಿನಿಂದ, ಕೊನೆಗೆ ನಿಂತು. ಇದು ರೂಢಿಯಾಗದವರು ಬೀಳುವಾಗ ಕೈ ಊರುತ್ತಾರೆ. ಮಣಿಕಟ್ಟೋ ಮೊಣಕೈಯೋ ಹೋಗುತ್ತದೆ. ಹಿಂದಕ್ಕೆ ಬಿದ್ದರಂತೂ ತಲೆಯೇ ನೆಲಕ್ಕೆ ಅಪ್ಪಳಿಸುತ್ತದೆ. ಜೂಡೊದ ತವರಾದ ಜಪಾನಿನಲ್ಲೇ 1983ರಿಂದ ಸುಮಾರು ಮೂರು ದಶಕಗಳಲ್ಲಿ ನೂರಕ್ಕೂ ಹೆಚ್ಚು ಶಾಲಾ ವಿದ್ಯಾರ್ಥಿಗಳು ಜೂಡೊ ಅಭ್ಯಾಸದಲ್ಲಿ ಪ್ರಾಣ ಕಳೆದುಕೊಂಡರು. ತಲೆಯ ಪೆಟ್ಟು ಅದಕ್ಕೆ ದೊಡ್ಡ ಕಾರಣ. ಎದುರಾಳಿಯ ಕಾಲನ್ನು ಹಿಂದಿನಿಂದ ಕತ್ತರಿಸಿದಂತೆ ಎಳೆದು ಬೆನ್ನ ಮೇಲೆ ಕೆಡಹುವ ಒಸೊಟೊ-ಗಾರಿ ಪಟ್ಟು ಹೊಸಬರಿಗೆ ವಿಶೇಷವಾಗಿ ಅಪಾಯ. ಸೇರಿದ ವಾರದಲ್ಲೇ ಮಕ್ಕಳ ಮೇಲೆ ಈ ಪಟ್ಟು ಹಾಕಿಸುವ ಕಡೆ ಮಗುವನ್ನು ಬಿಡಬೇಡಿ.

ಬಾಕ್ಸಿಂಗ್‌ಗೆ ಸೇರಿಸುವವರು ಗ್ಲೌಸಿನ ತೂಕ ಕೇಳಬೇಕು. ಜೊತೆಗಾರನೊಂದಿಗೆ ಸ್ಪಾರಿಂಗ್ (ಅಭ್ಯಾಸದ ಹೊಡೆದಾಟ) ಮಾಡಲು ದೊಡ್ಡವರಿಗೆ 14ರಿಂದ 16 ಔನ್ಸ್ ಗ್ಲೌಸ್ ಬೇಕು. ಗುದ್ದು, ಒದೆ, ಕುಸ್ತಿ ಎಲ್ಲ ಬೆರೆತ ಎಂಎಂಎ ಪಂದ್ಯದ 4 ಔನ್ಸ್ ಗ್ಲೌಸ್ ತೊಡಿಸಿ ಪೂರ್ತಿ ಬಲದಲ್ಲಿ ಹೊಡೆದಾಡಿಸುವುದು ತರಬೇತಿಯಲ್ಲ. ಬ್ಯಾಗಿಗೆ ಗುದ್ದಿ ಗುದ್ದಿ ಫೋಮ್ ಕುಗ್ಗಿದ ಗ್ಲೌಸ್ ಕೂಡ ಸ್ಪಾರಿಂಗ್‌ಗೆ ಬರುವುದಿಲ್ಲ. ಹೆಬ್ಬೆರಳಿನಿಂದ ಒತ್ತಿದಾಗ ಒಳಗಿನ ಬೆರಳಗೆಣ್ಣು ಕೈಗೆ ಸಿಕ್ಕರೆ ಅದನ್ನು ಬಿಸಾಡಬೇಕು. ಗ್ಲೌಸಿನ ಒಳಗೆ ನಾಲ್ಕೂವರೆ ಮೀಟರಿನ ಬಟ್ಟೆ ಪಟ್ಟಿಯನ್ನು ಮಣಿಕಟ್ಟು, ಗೆಣ್ಣು, ಬೆರಳ ಸಂದಿಗಳಿಗೆ ಸುತ್ತಿರಬೇಕು. ಹೊಸಬರ ಕಿರುಬೆರಳಿನ ಹಿಂದಿನ ಅಂಗೈ ಮೂಳೆ ಮುರಿಯುವುದು ಮಾಮೂಲು. ತೋರುಬೆರಳು, ನಡುಬೆರಳಿನ ಗೆಣ್ಣಿನ ಮೇಲೆ ಬೀಳಬೇಕಾದ ಗುದ್ದು ಹೊರಗಿನ ಎರಡು ಗೆಣ್ಣುಗಳ ಮೇಲೆ ಬಿದ್ದಾಗ ಹೀಗಾಗುತ್ತದೆ.

ಮುವಾಯ್ ಥಾಯ್‌ಗೂ ಕಿಕ್‌ಬಾಕ್ಸಿಂಗ್‌ಗೂ ವ್ಯತ್ಯಾಸ ಕೇಳಿದರೆ ಕೋಚ್ ತಡವರಿಸಬಾರದು. ಮುವಾಯ್ ಥಾಯ್‌ನಲ್ಲಿ ಮೊಣಕೈ ಹೊಡೆತವಿದೆ, ಕತ್ತು ಹಿಡಿದು ಮಂಡಿಯಿಂದ ಹೊಡೆಯುವುದಿದೆ. ಜಪಾನಿನ ಕೆ-1 ಪಂದ್ಯಗಳ ಮಾದರಿಯ ಕಿಕ್‌ಬಾಕ್ಸಿಂಗ್‌ನಲ್ಲಿ ಮೊಣಕೈಗೆ ಅವಕಾಶವಿಲ್ಲ. ಮೊಣಕಾಲ ಕೆಳಗಿನ ಮೂಳೆ ಗಟ್ಟಿಯಾಗಲೆಂದು ಬಾಟಲಿ ಉರುಳಿಸುವ ಪದ್ಧತಿ ಇನ್ನೂ ಕೆಲವು ಕಡೆ ಇದೆ. ಅದರಿಂದ ಮೂಳೆಯ ಮೇಲ್ಪದರ ನೋಯುತ್ತದೆಯೇ ಹೊರತು ಮೂಳೆ ಬಲಿಯುವುದಿಲ್ಲ. ಭಾರದ ಬ್ಯಾಗಿಗೆ ತಿಂಗಳುಗಟ್ಟಲೆ ಒದ್ದೇ ಅದು ಬಲಿಯಬೇಕು.

ನೆಲದ ಮೇಲೆ ಹಿಡಿದು ಮಣಿಸುವ ಜಿಯು-ಜಿಟ್ಸುವಿನಲ್ಲಿ ಕೈತಟ್ಟಿ ಸೋಲೊಪ್ಪುವ ‘ಟ್ಯಾಪ್’ ಮೊದಲ ಪಾಠ. ತಟ್ಟಿದ ಕ್ಷಣ ಬಿಡುವುದು ಎರಡನೆಯದು. ಕತ್ತಿನ ಎರಡೂ ಬದಿಯ ರಕ್ತನಾಳ ಒತ್ತುವ ಚೋಕ್‌ನಲ್ಲಿ 10 ಸೆಕೆಂಡಿನೊಳಗೇ ಪ್ರಜ್ಞೆ ತಪ್ಪಬಹುದು. ಹಿಮ್ಮಡಿ ತಿರುಚುವ ಹೀಲ್ ಹುಕ್ ಅದಕ್ಕಿಂತ ಮೋಸದ ಪಟ್ಟು: ನೋವು ತಿಳಿಯುವ ಹೊತ್ತಿಗೆ ಮಂಡಿಯ ಲಿಗಮೆಂಟ್ ಹರಿದಿರುತ್ತದೆ. ವೈಟ್ ಬೆಲ್ಟ್‌ನ ಹೊಸಬರಿಗೆ ಅದನ್ನು ಮುಟ್ಟಿಸಬಾರದು. ಮೈಗೆ ಮೈ ಉಜ್ಜುವ ಆಟವಾದ್ದರಿಂದ ಹುಳುಕಡ್ಡಿ ಬೇಗ ಹರಡುತ್ತದೆ. ಮ್ಯಾಟನ್ನು ದಿನವೂ ಗುಡಿಸಿ, ಸೋಂಕುನಾಶಕ ಹಚ್ಚಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಒದ್ದೆಯಾಗಿಯೇ ಬಿಡಬೇಕು. ಹಚ್ಚಿದ ಕೂಡಲೇ ಒರೆಸಿದರೆ ವಾಸನೆ ಹೋಗುತ್ತದೆ, ಸೋಂಕು ಉಳಿಯುತ್ತದೆ.

ಎಲ್ಲಕ್ಕಿಂತ ಮುಖ್ಯ ತಲೆ. ಹೆಡ್‌ಗಾರ್ಡ್ ಹಾಕಿದರೆ ಮಿದುಳು ಸುರಕ್ಷಿತ ಎಂಬ ನಂಬಿಕೆಯೇ ಹಲವು ಅನಾಹುತಗಳ ಮೂಲ. ಅದು ಹುಬ್ಬು, ಕೆನ್ನೆ ಸೀಳುವುದನ್ನು ತಡೆಯುತ್ತದೆ. ಬುರುಡೆಯೊಳಗೆ ಮಿದುಳು ಅಲುಗುವುದನ್ನು ತಡೆಯುವುದಿಲ್ಲ. ಅಮೆಚೂರ್ ಬಾಕ್ಸಿಂಗ್‌ನಲ್ಲಿ ತಲೆಪೆಟ್ಟಿನಿಂದ ನಾಕೌಟ್ ಆದವರನ್ನು ಕನಿಷ್ಠ 30 ದಿನ ರಿಂಗಿಗೆ ಬಿಡುವುದಿಲ್ಲ. ನಮ್ಮ ಜಿಮ್‌ಗಳಲ್ಲಿ ‘ನೀರು ಕುಡಿದು ಬಾ’ ಎಂದು ಮುಂದಿನ ರೌಂಡಿಗೇ ಇಳಿಸುತ್ತಾರೆ. ತಲೆಗೆ ಪೆಟ್ಟು ಬಿದ್ದವನು ಅರ್ಧ ಗಂಟೆ ಚೆನ್ನಾಗಿಯೇ ಮಾತಾಡಿ, ಆಮೇಲೆ ಒಳಗಿನ ರಕ್ತಸ್ರಾವದಿಂದ ಕುಸಿಯಬಹುದು. ತಲೆನೋವು ಏರುತ್ತಿದ್ದರೆ, ಪದೇ ಪದೇ ವಾಂತಿಯಾದರೆ, ತೂಕಡಿಕೆ ಬಂದರೆ, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ಹಿಗ್ಗಿದ್ದರೆ ಪಕ್ಕದ ಕ್ಲಿನಿಕ್‌ನಲ್ಲಿ ಹೊತ್ತು ಕಳೆಯದೆ ಸಿ.ಟಿ. ಸ್ಕ್ಯಾನ್, ನರಶಸ್ತ್ರಚಿಕಿತ್ಸೆ ಎರಡೂ ಇರುವ ಆಸ್ಪತ್ರೆಗೇ ಒಯ್ಯಬೇಕು. ಬೆಂಗಳೂರಿನಲ್ಲಾದರೆ ನಿಮ್ಹಾನ್ಸ್ ಇದೆ. ತಾಲ್ಲೂಕು ಕೇಂದ್ರದಲ್ಲಿ ಜಿಮ್ ನಡೆಸುವವರು ಅಂಥ ಆಸ್ಪತ್ರೆ ಎಷ್ಟು ದೂರವಿದೆ ಎಂದು ಮೊದಲೇ ತಿಳಿದಿರಬೇಕು.

ಸರ್ಟಿಫಿಕೇಟಿನ ಬಗ್ಗೆ ಒಂದು ಮಾತು. ಬಾಕ್ಸಿಂಗ್, ಜೂಡೊ ಕೋಚ್ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಡಿಪ್ಲೊಮಾ ಪಡೆದವರೋ, 6 ವಾರದ ಸರ್ಟಿಫಿಕೇಟ್ ಕೋರ್ಸ್ ಮುಗಿಸಿದವರೋ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಟೇಕ್ವಾಂಡೊದಲ್ಲಿ ಬೆಲ್ಟ್ ದರ್ಜೆ ನೀಡುವ ಕೊರಿಯಾದ ಸಂಸ್ಥೆ ಕುಕ್ಕಿವೊನ್ 15 ವರ್ಷದೊಳಗಿನವರಿಗೆ ಬ್ಲ್ಯಾಕ್ ಬೆಲ್ಟಿನ ‘ಡಾನ್’ ದರ್ಜೆಯ ಬದಲು ‘ಪೂಮ್’ ದರ್ಜೆ ಕೊಡುತ್ತದೆ. ಎಂಟು ವರ್ಷದ ಮಗುವಿಗೆ ‘ಫಸ್ಟ್ ಡಾನ್ ಬ್ಲ್ಯಾಕ್ ಬೆಲ್ಟ್’ ಗ್ಯಾರಂಟಿ ಎನ್ನುವ ಕಡೆ ಅದು ಯಾವ ಸಂಸ್ಥೆಯ ಬೆಲ್ಟ್ ಎಂದು ವಿಚಾರಿಸಿ.

2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಪೆಟ್ಟು ತಿಂದ ಮೈಸೂರಿನ ಯುವಕ ಬದುಕಿ ಉಳಿಯಲಿಲ್ಲ. ಉದ್ದಿಮೆ ಪರವಾನಗಿ ಇದ್ದ ಮಾತ್ರಕ್ಕೆ ಕೋಚ್‌ನ ಅರ್ಹತೆ ಖಾತ್ರಿಯಾಗುವುದಿಲ್ಲ. ಆದ್ದರಿಂದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಇಂಥ ತರಬೇತಿ ಕೇಂದ್ರಗಳನ್ನು ಕಲೆವಾರು ನೋಂದಾಯಿಸಬೇಕು. ಯಾವ ಕಲೆಗೆ ಯಾರು ಕೋಚ್, ಅವರ ಅರ್ಹತೆ ಏನು ಎಂಬುದು ಬಾಗಿಲಲ್ಲೇ ಕಾಣಬೇಕು. ತಲೆಪೆಟ್ಟಿನ ದಾಖಲೆ ಪುಸ್ತಕ ಕಡ್ಡಾಯವಾಗಬೇಕು. ರಿಂಗಿನ ಪಕ್ಕ ವೈದ್ಯರು, ಸ್ಟ್ರೆಚರ್, ಬಾಗಿಲಲ್ಲಿ ಆಂಬುಲೆನ್ಸ್ ಇಲ್ಲದ ಪಂದ್ಯಕ್ಕೆ, ಅದು ಎಷ್ಟೇ ಚಿಕ್ಕದಿರಲಿ, ಪೊಲೀಸರು ಅನುಮತಿ ಕೊಡಬಾರದು. ಮುಂದಿನ ಬೇಸಿಗೆ ಶಿಬಿರಗಳು ಶುರುವಾಗುವ ಮೊದಲೇ ಈ ಆದೇಶ ಹೊರಬೀಳಲಿ.

– ಸಮರಕಲೆ ತರಬೇತುದಾರ, ಬೆಂಗಳೂರು