ಎಣ್ಣೆ ಬಿಲ್ಲಿನ ಉದ್ರಿ ಇನ್ನು 20 ದಿನ: ಅಂಗಡಿ ಮಾಲೀಕರಿಗೆ ಪತ್ರ

ಮಾನ್ಯರೇ, ನಮಸ್ಕಾರ.

ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ಕೊಬ್ಬರಿ ಎಣ್ಣೆ ಬಿಲ್ಲುಗಳಿಗೆ 45 ದಿನದ ಬದಲು 20 ದಿನ ಮಾತ್ರ ಉದ್ರಿ ಇರುತ್ತದೆ. ದರ ಏರಿಸಿಲ್ಲ. ಹಳೆಯ ಬಿಲ್ಲುಗಳಿಗೆ ಹಳೆಯ ಗಡುವೇ.

ಬ್ಯಾಂಕ್ ಸಾಲ ಇಳಿಸಬೇಕೆಂದು ಈ ತೀರ್ಮಾನ. ಕೊಬ್ಬರಿ ತಂದ ರೈತರಿಗೆ ಅಂದೇ ದುಡ್ಡು ಕೊಡುತ್ತೇವೆ, ನಿಮ್ಮಿಂದ ಬರುವುದು ಒಂದೂವರೆ ತಿಂಗಳಿಗೆ. ಅಲ್ಲಿಯವರೆಗೆ ಬ್ಯಾಂಕಿನ ಓವರ್‌ಡ್ರಾಫ್ಟ್ (ಓಡಿ) ಖಾತೆ, ಅಂದರೆ ಒಂದು ಮಿತಿಯವರೆಗೆ ಸಾಲ ತೆಗೆಯಬಹುದಾದ ಖಾತೆಯೇ ಗತಿ. 2025ರಲ್ಲಿ ಕೊಬ್ಬರಿ ದರ ಏರಿದಾಗ ಅಷ್ಟೇ ಮೂಟೆಗಳಿಗೆ ಹೆಚ್ಚು ಸಾಲ ಬೇಕಾಯಿತು.

"ಸಾಲ ಇದ್ದರೆ ತೆರಿಗೆ ಉಳಿಯುತ್ತಲ್ಲ, ಯಾಕೆ ತೀರಿಸ್ತೀರಿ?" ಎಂದು ನಿಮ್ಮಲ್ಲೇ ಕೆಲವರು ಕೇಳಿದಿರಿ. ನ್ಯಾಯವಾದ ಪ್ರಶ್ನೆ. ತೆರಿಗೆ ಲೆಕ್ಕದಲ್ಲಿ ಬಡ್ಡಿಯನ್ನು ಖರ್ಚಿಗೆ ಹಾಕಿ ಲಾಭದಿಂದ ಕಳೆಯಬಹುದು, ಷೇರುದಾರರಿಗೆ ಕೊಡುವ ಲಾಭಾಂಶವನ್ನು ಹಾಗೆ ಹಾಕುವಂತಿಲ್ಲ. 22% ಆದಾಯ ತೆರಿಗೆ ದರ ಆರಿಸಿಕೊಂಡ ನಮ್ಮಂಥ ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಸರ್‌ಚಾರ್ಜ್, ಸೆಸ್ ಸೇರಿ ತೆರಿಗೆ ಸುಮಾರು 25.17%. 100 ರೂಪಾಯಿ ಬಡ್ಡಿ ಕಟ್ಟಿದರೆ 25 ರೂಪಾಯಿ ತೆರಿಗೆ ಉಳಿಯುತ್ತದೆ, ಮಿಕ್ಕ 75 ನಮ್ಮ ಕೈಯಿಂದಲೇ ಹೋಗುತ್ತದೆ. ಅರ್ಥಶಾಸ್ತ್ರಜ್ಞರಾದ ಮೊಡಿಗ್ಲಿಯಾನಿ, ಮಿಲ್ಲರ್ 1963ರಲ್ಲಿ ಹಾಕಿದ ಲೆಕ್ಕದಂತೆ, ಸಾಲ ಕಾಯಂ ಆಗಿದ್ದರೆ ಸಾಲವನ್ನು ತೆರಿಗೆ ದರದಿಂದ ಗುಣಿಸಿದಷ್ಟು ಕಂಪನಿಯ ಬೆಲೆ ಹೆಚ್ಚುತ್ತದೆ. 20 ಲಕ್ಷ ಸಾಲಕ್ಕೆ ಸುಮಾರು 5 ಲಕ್ಷ. ನಮ್ಮ ಆಡಿಟರ್ ಇದನ್ನು ತೋರಿಸಿದಾಗ ನಮಗೂ ಆಸೆಯಾಗಿದ್ದು ನಿಜ.

ಆದರೆ ಆ ಲೆಕ್ಕ ವರ್ಷವರ್ಷವೂ ಲಾಭ ಬಂದೇ ಬರುತ್ತದೆ ಎಂದು ಹಿಡಿದದ್ದು. ಗಾಣದ ಕಸುಬಿನಲ್ಲಿ ಹಾಗಿಲ್ಲ. ಲಾಭ ಬಾರದ ವರ್ಷ ಉಳಿಸಲು ತೆರಿಗೆಯೇ ಇರುವುದಿಲ್ಲ, ನಷ್ಟವನ್ನು ಮುಂದಿನ ವರ್ಷಗಳಿಗೆ ಒಯ್ದು ಕಾಯಬೇಕು. ಬಡ್ಡಿ ಮಾತ್ರ ಪ್ರತಿ ತಿಂಗಳು ಖಾತೆಯಿಂದ ಕಡಿತವಾಗುತ್ತಲೇ ಇರುತ್ತದೆ.

ಒಂದು ಬೆಳಿಗ್ಗೆ ರೈತರೊಬ್ಬರು ಚೀಲದ ಬಾಯಿ ಬಿಚ್ಚಿ, ಒಂದು ಹೋಳು ಮುರಿದು ತೋರಿಸಿದರು. ಟಕ್ ಎಂದು ಮುರಿಯಿತು, ಅಷ್ಟು ಚೆನ್ನಾಗಿ ಒಣಗಿದ ಕೊಬ್ಬರಿ. ಓಡಿ ಮಿತಿ ಮುಗಿದಿತ್ತು. ಅವರನ್ನು ಗಾಡಿ ಸಮೇತ ವಾಪಸ್ ಕಳಿಸಿದೆವು. ನಿಮ್ಮ ಅಂಗಡಿಗೆ ಬರಬೇಕಾಗಿದ್ದ ಎಣ್ಣೆ ಅದು. ಕಂಪನಿಯ ಬೆಲೆ ಇಳಿಯುವುದು ಇಂಥ ದಿನಗಳಲ್ಲಿ ಎಂದು ನಮಗೆ ಅನ್ನಿಸಿತು.

20 ದಿನ ಕಷ್ಟವಾಗುವವರು ತಿಂಗಳಿಗೆ ಒಂದೇ ಸಲ ತರಿಸುವ ಬದಲು ಎರಡು ಸಲ ಅರ್ಧರ್ಧ ತರಿಸಿಕೊಳ್ಳಿ. ಎರಡನೇ ಸಲದ ಸಾಗಣೆ ಖರ್ಚು ನಮ್ಮದು. ಲೈನಿಗೆ ಬರುವ ನಮ್ಮ ಹುಡುಗನ ಹತ್ತಿರ ಹೇಳಿದರೆ ಸಾಕು.

ಇಂತಿ,
ಗಾಣದ ಮಾಲೀಕರು ಮತ್ತು ಸಿಬ್ಬಂದಿ